ಪ್ಲೇಗಿನ ತಂತಿಯಿಂದ ಕೊರೋನಾ ಕರೆಯವರೆಗೆ

1898ರ ಆಗಸ್ಟ್ ತಿಂಗಳಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಎರಡು ವರ್ಷ ಮೊದಲು ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ಈ ಮಾರಿ ರೈಲುಹಾದಿಯನ್ನೇ ಹಿಡಿದು ಹುಬ್ಬಳ್ಳಿಯ ಕಡೆಯಿಂದ ನಮ್ಮ ನಗರಕ್ಕೆ ಬಂದಿತ್ತು. ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನ ಮನೆಗಳಿಗೆ ಬೀಗ ಜಡಿದು ಊರು ಬಿಟ್ಟರು. ಹೊರವಲಯದ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಮಾರಿ ತೊಲಗುವುದನ್ನು ಕಾದರು. ಪೇಟೆ ಮತ್ತು ದಂಡು ಎರಡೂ ಸೇರಿ 1891ರ ಜನಗಣತಿಯಲ್ಲಿ 1,80,000ವನ್ನು ಮೀರಿದ್ದ ಜನಸಂಖ್ಯೆ 1901ರ ವೇಳೆಗೆ ಸುಮಾರು 1,59,000ಕ್ಕೆ ಇಳಿದಿತ್ತು. ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದದ್ದರ ಹಿಂದೆ ಈ ಭೀತಿಯಿದೆ. ನಗರದ ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳು ಇಂದಿಗೂ ಉಳಿದಿವೆ.

ಆ ಗದ್ದಲದ ನಡುವೆ ನಡೆದ ಒಂದು ಸಣ್ಣ ಸಂಗತಿಯನ್ನು ಚರಿತ್ರಕಾರರು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಪ್ಲೇಗ್ ನಿಯಂತ್ರಣದ ಕಾರ್ಯಗಳನ್ನು ಹೊಂದಿಸಿಕೊಳ್ಳಲೆಂದು ಅದೇ ವರ್ಷ ನಗರದಲ್ಲಿ ದೂರವಾಣಿಯ ತಂತಿಗಳನ್ನು ಎಳೆಯಲಾಯಿತು. ಬೆಂಗಳೂರು ಇಂದು ಜಗತ್ತಿಗೆ ತಂತ್ರಾಂಶ ಮಾರುವ ಊರು. ಇಲ್ಲಿ ದೂರವಾಣಿಯ ತಂತಿ ಹರಡಲು ಕಾರಣವಾದದ್ದು ವ್ಯಾಪಾರವಲ್ಲ, ಸಾವಿನ ಭಯ ಎಂಬುದು ನೆನಪಿನಲ್ಲಿಡಬೇಕಾದ ಮಾತು.

ಆದರೆ ಆ ತಂತಿ ಯಾರಿಂದ ಯಾರವರೆಗೆ ಹೋಗಿತ್ತು? ಅಧಿಕಾರಿಯಿಂದ ಅಧಿಕಾರಿಯವರೆಗೆ. ಹೊಲದ ಗುಡಿಸಲಿನಲ್ಲಿ ಕುಳಿತ ನೇಕಾರನಿಗೂ ಕೂಲಿಯವನಿಗೂ ಊರಿನ ಸುದ್ದಿ ದಾರಿಹೋಕರ ಬಾಯಿಂದಲೇ ತಿಳಿಯಬೇಕಿತ್ತು. ಸಂಪರ್ಕ ಎಂಬ ಪದವನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಯಾರೊಡನೆ ಯಾರ ಸಂಪರ್ಕ ಎಂದು ಕೇಳಿದಾಗಲೇ ಅದರ ಅರ್ಥ ತಿಳಿಯಾಗುವುದು. ಈ ಪ್ರಶ್ನೆ 122 ವರ್ಷಗಳ ನಂತರ ಕಾಡುಗೋಡಿಯಲ್ಲಿ, ನಮ್ಮ ಸೇವಾ ಸಂಘಗಳ ಮುಂದೆ ಮತ್ತೆ ಬಂದು ನಿಂತಿತು.

ಕಾಕತಾಳೀಯವೆಂಬಂತೆ ಕಾನೂನೂ ಅದೇ. ಪ್ಲೇಗನ್ನು ಹತ್ತಿಕ್ಕಲು ಬ್ರಿಟಿಷ್ ಸರ್ಕಾರ 1897ರ ಫೆಬ್ರವರಿಯಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದಲೇ ಕರ್ನಾಟಕ ಸರ್ಕಾರ 2020ರ ಮಾರ್ಚ್ 11ರಂದು ಕೋವಿಡ್ ನಿಯಮಗಳನ್ನು ಹೊರಡಿಸಿತು. (ರಾಜ್ಯ ತನ್ನದೇ ಆದ ಕಾಯಿದೆಯನ್ನು ರೂಪಿಸಿಕೊಂಡದ್ದು ಆ ವರ್ಷವೇ, ಆದರೆ ನಂತರ.) ಮಾರ್ಚ್ 14ರಿಂದ ಮದುವೆ, ಜಾತ್ರೆ, ಚಿತ್ರಮಂದಿರಗಳಿಗೆ ತಡೆ ಬಿತ್ತು. ಮಾರ್ಚ್ 25ರಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಗರಿಗಳ ಭಾನುವಾರವೂ ಪಾಸ್ಖವೂ ಬರಿದಾದ ದೇವಾಲಯಗಳಲ್ಲಿ ಕಳೆದವು. ಜೂನ್ 8ರವರೆಗೆ ಪೂಜಾಸ್ಥಳಗಳನ್ನು ಭಕ್ತಾದಿಗಳಿಗೆ ತೆರೆಯಲು ಅನುಮತಿ ಇರಲಿಲ್ಲ.

ಕಾಡುಗೋಡಿ ಹಳೆಯ ಊರು. ಇಲ್ಲಿನ ಕಾಶಿ ವಿಶ್ವೇಶ್ವರ ದೇವಾಲಯದಲ್ಲಿ ಚೋಳರ ಕಾಲದ ಶಾಸನವಿದೆ. ಪಕ್ಕದ ವೈಟ್‌ಫೀಲ್ಡ್ ಹುಟ್ಟಿದ್ದೇ ಒಂದು ಸಂಘದಿಂದ. ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದರು. ಡಿ. ಎಸ್. ವೈಟ್ ಎಂಬವರ ಕನಸು ಅವರ ಹೆಸರಿನ ಊರಾಯಿತು. ವೈಟ್‌ಫೀಲ್ಡ್ ಎಂಬ ಹೆಸರಿನ ರೈಲು ನಿಲ್ದಾಣ ಇರುವುದು ಮಾತ್ರ ಕಾಡುಗೋಡಿಯಲ್ಲಿ. ಹೊರಗಿನಿಂದ ಬಂದವರಿಗೆ ಇದು ಈಗಲೂ ಗೊಂದಲ. ತೊಂಬತ್ತರ ದಶಕದ ನಂತರ ತಂತ್ರಜ್ಞಾನ ಪಾರ್ಕು, ಕಂಟೈನರ್ ಡಿಪೋ, ಗೋದಾಮುಗಳು, ಗಗನಚುಂಬಿ ವಸತಿ ಸಮುಚ್ಚಯಗಳು ಸಾಲುಸಾಲಾಗಿ ಬಂದವು. ಅವುಗಳ ನೆರಳಿನಲ್ಲೇ ತಗಡಿನ ಶೆಡ್ಡುಗಳ ಕಾಲೊನಿಗಳೂ ಬಂದವು. 2020ರಲ್ಲಿ ಮೆಟ್ರೋ ಮಾರ್ಗದ ಕಂಬಗಳು ಏಳುತ್ತಿದ್ದ ಕಾಲವಾದ್ದರಿಂದ ಬಿಹಾರ, ಒಡಿಶಾ, ಬಂಗಾಳಗಳಿಂದ, ನಮ್ಮದೇ ರಾಯಚೂರು, ಕಲಬುರಗಿಗಳಿಂದ ಬಂದ ದುಡಿಮೆಗಾರರು ಈ ಸೀಮೆಯ ತುಂಬ ಇದ್ದರು. ಒಂದು ಗೋಡೆಯ ಆಚೆ ಈಚೆ ಬದುಕುವವರಿಗೆ ಪರಸ್ಪರರ ಹೆಸರು ತಿಳಿಯದ ಊರು ಇದು.

ಇಂತಹ ಊರಿನಲ್ಲಿ ಒಂದು ಸೇವಾ ಸಂಘವನ್ನು ಹಿಡಿದಿಡುವುದು ಸಭೆ. 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ರೋಟರಿ ಸಂಸ್ಥೆಗೆ ಆ ಹೆಸರು ಬಂದದ್ದೇ ಸದಸ್ಯರು ಸರದಿಯಂತೆ ಒಬ್ಬರ ಕಚೇರಿಯಿಂದ ಮತ್ತೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ. ಕಾರಣವಿಲ್ಲದೆ ಸತತ ನಾಲ್ಕು ಸಭೆಗಳಿಗೆ ಗೈರುಹಾಜರಾದವರ ಸದಸ್ಯತ್ವ ಹೋಗುತ್ತದೆಂಬ ನಿಯಮ ಅಲ್ಲಿ ಬಹುಕಾಲವಿತ್ತು. 1934ರಿಂದ ರೋಟರಿ ಬೆಂಗಳೂರಿನಲ್ಲಿದೆ. ನಮ್ಮ ಧರ್ಮಕೇಂದ್ರಗಳಿಗೆ ಹೆಚ್ಚು ಪರಿಚಿತವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಪದ್ಧತಿ ಇನ್ನೂ ಹಳೆಯದು: ವಾರಕ್ಕೊಮ್ಮೆ ಸೇರುವುದು, ಪ್ರಾರ್ಥಿಸುವುದು, ಭೇಟಿಯಿತ್ತ ಮನೆಗಳ ವರದಿ ಒಪ್ಪಿಸುವುದು, ಯಾರು ಎಷ್ಟು ಹಾಕಿದರೆಂದು ಕಾಣದಂತೆ ಚೀಲವೊಂದನ್ನು ಕೈಯಿಂದ ಕೈಗೆ ದಾಟಿಸುವುದು.

ಈ ಸಭೆ ಹುಟ್ಟಿದ್ದೇ ಸಾಂಕ್ರಾಮಿಕದ ನೆರಳಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 1832ರಲ್ಲಿ ಕಾಲರಾ ಪ್ಯಾರಿಸ್ ನಗರದಲ್ಲಿ 18,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಮರುವರ್ಷ ಏಪ್ರಿಲ್ 23ರಂದು, ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಫ್ರೆಡೆರಿಕ್ ಒಜನಾಮ್ ಎಂಬ ವಿದ್ಯಾರ್ಥಿ ಕೆಲವು ಗೆಳೆಯರೊಂದಿಗೆ ಪತ್ರಿಕೆಯೊಂದರ ಕಚೇರಿಯಲ್ಲಿ ಸಭೆ ಸೇರಿದ. ಬಡಕೇರಿಗಳ ಗಲ್ಲಿಗಲ್ಲಿಯನ್ನೂ ಬಲ್ಲ ಭಗಿನಿ ರೊಸಾಲಿ ರಾಂದ್ಯು ಅವರಿಗೆ ಮನೆಗಳ ಪಟ್ಟಿಯನ್ನು ಕೊಟ್ಟು ಮೆಟ್ಟಿಲು ಹತ್ತುವುದನ್ನು ಕಲಿಸಿದರು. ವಿದ್ಯಾರ್ಥಿಗಳೆಂದ ಮೇಲೆ ಓದು ಮುಗಿಸಿ ಊರೂರಿಗೆ ಚದುರುವುದು ಸಹಜವಷ್ಟೆ. ಅವರನ್ನು ಒಂದಾಗಿ ಹಿಡಿದದ್ದು ಕಾಗದ. ಒಬ್ಬ ಗೆಳೆಯ ನೀಮ್ ಪಟ್ಟಣಕ್ಕೆ ಹಿಂದಿರುಗಿ 1834ರಲ್ಲೇ ಅಲ್ಲೊಂದು ಶಾಖೆ ತೆರೆದ. ಒಜನಾಮ್ ಅವನಿಗೆ ಪತ್ರ ಬರೆಯುತ್ತಲೇ ಇದ್ದ. ಅಧ್ಯಕ್ಷರು ಎಲ್ಲ ಶಾಖೆಗಳಿಗೂ ಸುತ್ತೋಲೆ ಕಳುಹಿಸುವುದು ಸಂಪ್ರದಾಯವೇ ಆಯಿತು. ಕಾಗದದ ಈ ಜಾಲ ಎಷ್ಟು ಬಿಗಿಯಾಗಿದ್ದರೂ ಸಭೆಯ ನಿಯಮದ ತಿರುಳು ಅದಾಗಿರಲಿಲ್ಲ. ಬಡವರ ಮನೆಯ ಭೇಟಿಯೇ ಅದರ ತಿರುಳು. 1849ರಲ್ಲಿ ಕಾಲರಾ ಮರಳಿ ಬಂದಾಗ ಸದಸ್ಯರು ರೋಗಿಗಳ ಮನೆಗಳಿಗೇ ಹೋದರು.

ಭೇಟಿಯೇ ನಿಷಿದ್ಧವಾದರೆ? ಅದಕ್ಕೂ ಧರ್ಮಸಭೆಯ ಚರಿತ್ರೆಯಲ್ಲಿ ಪೂರ್ವನಿದರ್ಶನವುಂಟು. 1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗು ಬಿದ್ದಾಗ ಜನ ಮನೆಯಿಂದ ಹೊರಬಾರದಂತೆ ಆಜ್ಞೆಯಾಯಿತು. ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೋಮಿಯೋ ಬೀದಿಗಳ ಕೂಡುರಸ್ತೆಗಳಲ್ಲಿ ಬಲಿಪೀಠಗಳನ್ನು ಕಟ್ಟಿಸಿದರು. ಜನ ಕಿಟಕಿಗಳಿಂದಲೇ ಬಲಿಪೂಜೆಯನ್ನು ಕಂಡರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸುತ್ತಿದ್ದಂತೆ ಬೀದಿಯ ಈ ಬದಿಯವರು ಪ್ರಾರ್ಥನೆಯನ್ನು ಎತ್ತಿಕೊಂಡರೆ ಆ ಬದಿಯವರು ಉತ್ತರಿಸುತ್ತಿದ್ದರು. ಮಾರಿ ಕಳೆದ ಮೇಲೂ ಆ ಕೂಡುರಸ್ತೆಗಳ ಶಿಲುಬೆಗಳ ಬಳಿ ನೆರೆಹೊರೆಯವರು ಸೇರುವ ಶಿಲುಬೆಯ ಬಳಗಗಳು ಉಳಿದುಕೊಂಡವು. ಅಲ್ಲಿನ ವ್ಯವಸ್ಥೆಯ ಗುಟ್ಟು ಗಂಟೆಯಲ್ಲಿತ್ತು ಎಂದು ನನಗನ್ನಿಸುತ್ತದೆ. ಗಂಟೆಯ ದನಿ ಕೇಳಲು ಯಾರೂ ಏನನ್ನೂ ಕೊಳ್ಳಬೇಕಿರಲಿಲ್ಲ.

2020ರಲ್ಲಿ ನಮ್ಮ ಗಂಟೆ ಮೊಬೈಲು. ಏಪ್ರಿಲ್ ತಿಂಗಳಿನ ಹೊತ್ತಿಗೆ ಧರ್ಮಕೇಂದ್ರದ ಬಳಗಗಳು, ರೋಟರಿ, ಲಯನ್ಸ್, ಬಡಾವಣೆಯ ಸಂಘಗಳು ಎಲ್ಲವೂ ವಾಟ್ಸಾಪು ಮತ್ತು ಜೂಮ್ ಎಂಬ ಪರದೆಗೆ ಸ್ಥಳಾಂತರಗೊಂಡವು. ಹೊನೊಲುಲುವಿನಲ್ಲಿ ನಡೆಯಬೇಕಿದ್ದ ರೋಟರಿಯ ಅಂತಾರಾಷ್ಟ್ರೀಯ ಸಮಾವೇಶವೇ ಆ ಜೂನ್‌ನಲ್ಲಿ ಪರದೆಯ ಮೇಲೆ ಜರುಗಿತು. ಉಚಿತ ಖಾತೆಯಲ್ಲಿ 40 ನಿಮಿಷ ದಾಟಿದೊಡನೆ ಸಭೆ ತಾನಾಗಿ ಕಡಿದುಹೋಗುತ್ತಿತ್ತು. ದೀರ್ಘ ಭಾಷಣಗಳಿಗೆ ಒಗ್ಗಿಹೋದ ನಮ್ಮ ಸಂಘಗಳಿಗೆ ಇದೊಂದು ಅನಿರೀಕ್ಷಿತ ಉಪಕಾರವೇ ಸರಿ. ದೂರದ ಊರಿಗೆ ವರ್ಗವಾಗಿ ಹೋಗಿದ್ದವರು, ಮಕ್ಕಳೊಡನೆ ವಿದೇಶದಲ್ಲಿ ಸಿಲುಕಿಕೊಂಡ ಹಿರಿಯರು ಮತ್ತೆ ಮುಖ ತೋರಿಸಿದರು. ಹಾಜರಾತಿ ಹೆಚ್ಚಿದ ಸಂಘಗಳೂ ಉಂಟು. ಇವನ್ನೆಲ್ಲ ಕಡೆಗಣಿಸಲಾಗದು.

ಆದರೆ ಒಂದು ವಿಚಿತ್ರ ಸನ್ನಿವೇಶವೂ ಉಂಟಾಗಿತ್ತು. ಧರ್ಮಕೇಂದ್ರದ ಸೇವಾ ಬಳಗಗಳಲ್ಲಿ ಮನೆಭೇಟಿಗೆ ಹೋಗುವವರು ಬಹುಪಾಲು ನಿವೃತ್ತರು. 65 ವರ್ಷ ಮೀರಿದವರು ಮನೆಯೊಳಗೇ ಇರಬೇಕೆಂಬುದು ಸರ್ಕಾರದ ಸೂಚನೆ. ಹಾಗಾಗಿ ನಿನ್ನೆಯವರೆಗೆ ಭೇಟಿಯೀಯುತ್ತಿದ್ದವರೇ ಇಂದು ಯಾರಾದರೂ ವಿಚಾರಿಸಿಕೊಳ್ಳಬೇಕಾದವರ ಪಟ್ಟಿಗೆ ಸೇರಿದರು. ಪರದೆಯ ಸಭೆಗೆ ಸೇರುವ ಕೊಂಡಿಯನ್ನು ಒತ್ತಲು ಮೊಮ್ಮಗಳು ಬೇಕು. ಮೊಮ್ಮಗಳಿಗೆ ಅದೇ ಮೊಬೈಲಿನಲ್ಲಿ ಆನ್‌ಲೈನ್ ತರಗತಿ. ಸಂಘಕ್ಕೆ ಇಪ್ಪತ್ತು ಮೂವತ್ತು ವರ್ಷ ದುಡಿದ ಹಿರಿಯರು ಮೊದಲು ಕಣ್ಮರೆಯಾದದ್ದು ಹೀಗೆ, ಯಾರ ಗಮನಕ್ಕೂ ಬಾರದೆ. ಇದಕ್ಕೆ ಕೆಲವು ಬಳಗಗಳು ಕಂಡುಕೊಂಡ ಉಪಾಯ ಬಹಳ ಸರಳ: ಪ್ರತಿಯೊಬ್ಬ ಸದಸ್ಯನಿಗೂ ಮೂರೋ ನಾಲ್ಕೋ ಮನೆಗಳನ್ನು ಹಂಚಿಕೊಟ್ಟು, ದಿನ ಬಿಟ್ಟು ದಿನ ಮಾಮೂಲಿ ಕರೆ ಮಾಡಿ ಮಾತನಾಡುವುದು. ಊಟವಾಯಿತೇ, ಬಿ.ಪಿ. ಮಾತ್ರೆ ಇದೆಯೇ, ಮಗ ಫೋನು ಮಾಡಿದ್ದನೇ ಎಂಬಷ್ಟೇ ಮಾತು. ಪರದೆಯ ಸಭೆಗಿಂತ ಈ ಕರೆಗಳೇ ಬಳಗವನ್ನು ಬಳಗವಾಗಿ ಉಳಿಸಿದವು ಎಂಬುದು ನನ್ನ ಅಭಿಪ್ರಾಯ. ಹೊಸ ಒಡಂಬಡಿಕೆಯ ಯೊವಾನ್ನನ ಎರಡು ಕಿರುಪತ್ರಗಳ ಕೊನೆಯಲ್ಲಿ ಆ ಹಿರಿಯ, ಹೇಳುವುದು ಬಹಳವಿದ್ದರೂ ಅದನ್ನು ಶಾಯಿಯಲ್ಲಿ ಬರೆಯಲು ಮನಸ್ಸಿಲ್ಲ, ಮುಖಾಮುಖಿಯಾಗಿಯೇ ಆಡಬೇಕೆಂಬ ಆಸೆ ಎನ್ನುತ್ತಾನೆ. ಆದರೂ ಪತ್ರ ಬರೆದೇ ಇದ್ದಾನೆ! ಮುಖಾಮುಖಿಗೆ ಬದಲಾಗಿ ಅಲ್ಲ, ಮುಖಾಮುಖಿಯಾಗುವ ದಿನದವರೆಗೆ.

ಇನ್ನು ಸಂಘದ ಹೊರಗಿನವರು. ಮನೆಭೇಟಿಯ ರೂಢಿಯಿದ್ದ ಬಳಗಗಳ ಬಳಿ ಒಂದು ಹಳೆಯ ನೋಟುಪುಸ್ತಕವಿತ್ತು: ಯಾವ ಗಲ್ಲಿಯಲ್ಲಿ ಯಾವ ವಿಧವೆ, ಯಾರಿಗೆ ಡಯಾಲಿಸಿಸ್, ಯಾರ ಪಡಿತರ ಚೀಟಿ ಯಾವ ಅಂಗಡಿಯಲ್ಲಿ. ಬಾಗಿಲು ಮುಚ್ಚಿದ ಮರುದಿನವೇ ಆ ಪಟ್ಟಿ ಅಕ್ಕಿ ಬೇಳೆಗಿಂತ ಬೆಲೆಯುಳ್ಳದ್ದಾಯಿತು. ಪೊಲೀಸರಿಂದ ಪಾಸು ಪಡೆದ ಇಬ್ಬರು ಮೂವರು ಯುವಕರು ಆ ಪಟ್ಟಿ ಹಿಡಿದು ದ್ವಿಚಕ್ರ ವಾಹನದಲ್ಲಿ ಹೊರಟರೆ ಹಿರಿಯರು ಮನೆಯಲ್ಲಿ ಕುಳಿತೇ ದಾರಿ ಹೇಳಬಹುದಿತ್ತು. 2013ರಿಂದ ರಸ್ತೆ, ಕೆರೆ, ಕಸಗಳ ಚಿಂತೆಯಲ್ಲಿ ಜಾಲ ಕಟ್ಟಿಕೊಂಡಿದ್ದ ವೈಟ್‌ಫೀಲ್ಡ್ ರೈಸಿಂಗ್ ಎಂಬ ನಾಗರಿಕರ ಗುಂಪು ಆ ದಿನಗಳಲ್ಲಿ ಆಹಾರ ತಲುಪಿಸುವ ಕೆಲಸಕ್ಕೆ ಇಳಿಯಲು ಸಾಧ್ಯವಾದದ್ದೂ ಹೀಗೆಯೇ. ಜಾಲ ಮೊದಲೇ ಇತ್ತು.

ಪಟ್ಟಿಯಲ್ಲಿ ಇಲ್ಲದವರ ಗತಿಯೇ ಬೇರೆ. ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ತಲೆಗೆ ಐದು ಕಿಲೋ ಧಾನ್ಯವನ್ನು ಉಚಿತವಾಗಿ ಕೊಟ್ಟಿತು, ಆದರೆ ಪಡಿತರ ಚೀಟಿ ಉಳ್ಳವರಿಗೆ. ಶೆಡ್ಡುಗಳಲ್ಲಿದ್ದವರ ಚೀಟಿ ಬಿಹಾರದಲ್ಲೋ ಒಡಿಶಾದಲ್ಲೋ ಇತ್ತು. ಚೀಟಿಯಿಲ್ಲದ ವಲಸಿಗರಿಗೂ ಧಾನ್ಯ ಎಂಬ ಘೋಷಣೆ ಹೊರಬಿದ್ದದ್ದು ಮೇ 14ರಂದು, ಬಾಗಿಲು ಮುಚ್ಚಿ ಏಳು ವಾರಗಳಾದ ಮೇಲೆ. ಅವರು ಯಾವ ಸಂಘದ ನೋಟುಪುಸ್ತಕದಲ್ಲೂ ಇರಲಿಲ್ಲ, ಏಕೆಂದರೆ ಅವರು ಎಂದೂ ನಮ್ಮ ಬಾಗಿಲು ತಟ್ಟಿರಲಿಲ್ಲ. ನಾಳೆ ಕೆಲಸ ಮುಗಿದರೆ ಬೇರೆ ಊರಿಗೆ ಹೋಗುವವರು ಎಂದು ಊರೂ ಅವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೇಸ್ತ್ರಿಯೊಬ್ಬನೇ ಅವರಿಗೂ ಊರಿಗೂ ನಡುವಿನ ಕೊಂಡಿ. ಮೇಸ್ತ್ರಿಯೇ ಫೋನು ಎತ್ತದಿದ್ದರೆ ಎಲ್ಲ ಮುಗಿಯಿತು. ಅವರ ಕೈಯಲ್ಲೂ ಮೊಬೈಲು ಇತ್ತು ನಿಜ, ಆದರೆ ಕರೆನ್ಸಿ ಹಾಕಿಸಲು ಕಾಸಿರಲಿಲ್ಲ. ಆ ದಿನಗಳಲ್ಲಿ ಸೇವೆಗಿಳಿದ ಹಲವರು ಅಕ್ಕಿಯ ಚೀಲದ ಜೊತೆಗೆ ಮೊಬೈಲಿಗೆ ಕರೆನ್ಸಿಯನ್ನೂ ಹಾಕಿಸಿಕೊಡುತ್ತಿದ್ದರು. ನನ್ನ ಮಟ್ಟಿಗೆ ಆ ಕಾಲದ ಅತ್ಯಂತ ವಿವೇಕಯುತವಾದ ದಾನಗಳಲ್ಲಿ ಅದೂ ಒಂದು. ಹಸಿದವನಿಗೆ ಅನ್ನ ಬೇಕು; ದೂರದ ಹಳ್ಳಿಯಲ್ಲಿ ಅಳುತ್ತಿರುವ ತಾಯಿಗೆ ಮಗನ ಧ್ವನಿ ಬೇಕು.

ಮೇ ತಿಂಗಳ ಮೊದಲ ವಾರದಲ್ಲಿ ಶ್ರಮಿಕ್ ರೈಲುಗಳು ಹೊರಟವು. ನಮ್ಮದೇ ರೈಲುಹಾದಿಯಲ್ಲಿ ಮುಂದಕ್ಕಿರುವ ಮಾಲೂರಿನಿಂದ, ನಗರದ ಆ ತುದಿಯ ಚಿಕ್ಕಬಾಣಾವರದಿಂದ. ಹೋಗಬಯಸುವವರು ಸೇವಾ ಸಿಂಧು ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಅಕ್ಷರ ಬಾರದವನು, ಕನ್ನಡವಾಗಲಿ ಇಂಗ್ಲಿಷಾಗಲಿ ತಿಳಿಯದವನು ಅದನ್ನು ತುಂಬುವುದು ಹೇಗೆ? ಅಲ್ಲಿ ಸ್ವಯಂಸೇವಕರು ಬೇಕಾದರು. ಅಷ್ಟರಲ್ಲಿ, ಕಟ್ಟಡ ನಿರ್ಮಾಣಗಾರರೊಂದಿಗಿನ ಸಭೆಯ ಬಳಿಕ, ರಾಜ್ಯ ಸರ್ಕಾರ ಮೇ 6ರಿಂದ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ದೇಶವ್ಯಾಪಿ ಟೀಕೆ ಎದ್ದ ಮೇಲೆ ಎರಡೇ ದಿನಗಳಲ್ಲಿ ನಿರ್ಧಾರ ಬದಲಾಯಿತು. ಆ ಎರಡು ದಿನಗಳಲ್ಲಿ ಗಂಟು ಮೂಟೆ ಕಟ್ಟಿ ನಡೆದೇ ಹೊರಟವರ ಕೈ ಹಿಡಿದು, ಸ್ವಲ್ಪ ತಾಳಿ, ರೈಲು ಬರುತ್ತದೆ ಎನ್ನಬಲ್ಲವರು ಯಾರು? ಹಿಂದಿನ ತಿಂಗಳು ಅವರ ಶೆಡ್ಡಿನ ಮುಂದೆ ನಿಂತು ಮಾತನಾಡಿದ್ದವರ ಮಾತಿಗೆ ಮಾತ್ರ ಬೆಲೆಯಿತ್ತು.

2021ರ ಎರಡನೆಯ ಅಲೆ ಬೇರೆಯದೇ ಪರೀಕ್ಷೆ. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ವರದಿಯಾದವು. ಹಿಂದಿನ ವರ್ಷ ಅಕ್ಕಿ ಬೇಳೆಯ ಸಂದೇಶಗಳು ಹರಿದಾಡುತ್ತಿದ್ದ ಗುಂಪುಗಳಲ್ಲಿ ಈಗ ಹಾಸಿಗೆ, ಆಮ್ಲಜನಕ, ಆಂಬುಲೆನ್ಸ್. ಸುಳ್ಳು ಸಂಖ್ಯೆಗಳೂ ಹರಿದಾಡಿದವು. ಪ್ರತಿಯೊಂದು ಸಂಖ್ಯೆಗೂ ತಾನೇ ಕರೆ ಮಾಡಿ ನೋಡಿ ಆಮೇಲೆ ಕಳುಹಿಸುವ ಶಿಸ್ತು ಇದ್ದ ಗುಂಪುಗಳಷ್ಟೇ ಉಪಯೋಗಕ್ಕೆ ಬಂದವು. ಕೊನೆಗೆ ಯಾವ ಪರದೆಯೂ ಮಾಡಲಾಗದ ಒಂದು ಕೆಲಸ ಉಳಿಯಿತು, ಸತ್ತವರನ್ನು ಮಣ್ಣು ಮಾಡುವುದು. ಸ್ವಂತ ಮಕ್ಕಳೇ ಹತ್ತಿರ ಬರಲು ಅಂಜಿದ ಅಥವಾ ಬರಲಾಗದ ಆ ಕಾಲದಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯದ 'ಹಿಯರ್ ಐ ಆಮ್' ಬಳಗದ ಸ್ವಯಂಸೇವಕರು, 'ಮರ್ಸಿ ಏಂಜೆಲ್ಸ್' ತಂಡದ ಮುಸ್ಲಿಂ ಯುವಕರು ರಕ್ಷಾಕವಚ ತೊಟ್ಟು ಜಾತಿ ಮತ ನೋಡದೆ ಅಂತ್ಯಕ್ರಿಯೆಗಳನ್ನು ನಡೆಸಿದರು. ಸಮಾಧಿಯ ಬಳಿ ಒಬ್ಬರು ಮೊಬೈಲನ್ನು ಎತ್ತಿ ಹಿಡಿದಿದ್ದರೆ ದೂರದಲ್ಲಿರುವ ಕುಟುಂಬ ಅದರಲ್ಲಿ ಕೊನೆಯ ಮುಖದರ್ಶನ ಪಡೆಯುತ್ತಿತ್ತು. ಯಂತ್ರವೊಂದು ತನ್ನ ಮಿತಿಯೊಳಗೆ ಮಾಡಬಹುದಾದ ಉಪಕಾರ ಅದಕ್ಕಿಂತ ಹೆಚ್ಚಿನದು ಇರಲಾರದು. ಆದರೆ ಅದನ್ನು ಹಿಡಿಯಲು ಒಂದು ಕೈ ಅಲ್ಲಿರಬೇಕಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಅದಕ್ಕೆ ಕೆಲವು ವಾರಗಳ ಮುಂಚೆ, ಮಾರ್ಚ್ 25ರಂದು, ಕಾಡುಗೋಡಿಗೆ ಮೆಟ್ರೋ ರೈಲು ಬಂದಿತ್ತು. ಅದರ ಕಂಬಗಳಿಗೆ ಕಬ್ಬಿಣ ಕಟ್ಟಿದವರಲ್ಲಿ ಎಷ್ಟು ಮಂದಿ 2020ರಲ್ಲಿ ಊರಿಗೆ ಹೋಗಿ ಮರಳಿ ಬಂದರೋ, ಎಷ್ಟು ಮಂದಿ ಅಲ್ಲೇ ಉಳಿದರೋ! ಸಂಘಗಳು ಮತ್ತೆ ಸಭಾಂಗಣಗಳಿಗೆ ಬಂದಿವೆ. ಕೆಲವು ಮಾತ್ರ ಸುಲಭವೆಂದು ಪರದೆಯಲ್ಲೇ ಉಳಿದುಕೊಂಡಿವೆ. ಅವುಗಳ ವರದಿಯಲ್ಲಿ ಹಾಜರಾತಿ ಚೆನ್ನಾಗಿರುತ್ತದೆ. ಮನೆಭೇಟಿಯ ಅಂಕಣ ಹೇಗಿದೆ ಎಂದು ಕೇಳಿ ನೋಡಬೇಕು.

ಚರಿತ್ರೆಯನ್ನು ಓದುವವನಿಗೆ ಇನ್ನೊಂದು ಆತಂಕವೂ ಇದೆ. ಮೈಸೂರು ಸರ್ಕಾರದ ಪ್ಲೇಗ್ ಕಡತಗಳು ರಾಜ್ಯ ಪತ್ರಾಗಾರದಲ್ಲಿ ಇಂದಿಗೂ ಓದಲು ಸಿಗುತ್ತವೆ. ಅವು ಅಧಿಕಾರಿಗಳ ಕಡತಗಳು. ಹೊಲದ ಗುಡಿಸಲಿಗೆ ಗಂಜಿ ಕೊಂಡೊಯ್ದವರ ಮಾತು ಅಲ್ಲಿ ಸಿಗುವುದು ಅಪರೂಪ. 2020ರ ಚರಿತ್ರೆ ಅದಕ್ಕಿಂತಲೂ ಬೇಗ ಅಳಿಯುವಂತಿದೆ. ಯಾವ ಮನೆಗೆ ಯಾರು ಕರೆ ಮಾಡಿದರು, ಯಾವ ಶೆಡ್ಡಿಗೆ ಎಷ್ಟು ಚೀಲ ಹೋಯಿತು, ಯಾರ ಹೆಸರನ್ನು ಯಾರು ನೋಂದಾಯಿಸಿದರು ಎಂಬುದೆಲ್ಲ ಮೊಬೈಲುಗಳಲ್ಲಿದೆ. ಫೋನು ಬದಲಿಸಿದಾಗ, ಜಾಗ ಸಾಲದೆ ಅಳಿಸಿದಾಗ ಅದು ಹೋಗುತ್ತದೆ. ಬಹುಪಾಲು ಸಂಘಗಳ ನಡಾವಳಿ ಪುಸ್ತಕದಲ್ಲಿ 2020ರ ಮಾರ್ಚ್‌ ನಂತರದ ಪುಟಗಳು ಖಾಲಿಯಾಗಿರುವ ಸಂಭವವೇ ಹೆಚ್ಚು, ಏಕೆಂದರೆ ಪುಸ್ತಕ ಬೀಗ ಹಾಕಿದ ಕಪಾಟಿನಲ್ಲಿತ್ತು. ಅತಿ ಹೆಚ್ಚು ಕೆಲಸ ನಡೆದ ತಿಂಗಳುಗಳೇ ಕಾಗದದ ಮೇಲೆ ಬರಿದಾಗಿರುವುದು ಎಂತಹ ವಿಪರ್ಯಾಸ! ಆ ದಿನಗಳಲ್ಲಿ ಓಡಾಡಿದ ಯುವಕರು ಈಗ ಉದ್ಯೋಗ, ಮದುವೆ ಎಂದು ಚದುರುತ್ತಿದ್ದಾರೆ. ದಾರಿ ಹೇಳಿದ ಹಿರಿಯರಲ್ಲಿ ಕೆಲವರು ಆಗಲೇ ತೀರಿಕೊಂಡಿದ್ದಾರೆ. ಕಾಡುಗೋಡಿ, ಬೆಳತೂರು, ಚನ್ನಸಂದ್ರ, ವೈಟ್‌ಫೀಲ್ಡ್ ಕಡೆಯ ಕುಟುಂಬಗಳಲ್ಲಿ ಇಂತಹ ಪಟ್ಟಿಯೋ ಚೀಟಿಯೋ ಸಂದೇಶವೋ ಇನ್ನೂ ಉಳಿದಿದ್ದರೆ, ಬಡವರ ಹೆಸರುಗಳು ಬಹಿರಂಗವಾಗದಂತೆ ಎಚ್ಚರ ವಹಿಸಿ, ಅದನ್ನು ಕಾಗದಕ್ಕೆ ಇಳಿಸಿ ತಮ್ಮ ಧರ್ಮಕೇಂದ್ರದ ಕಚೇರಿಗೆ ಒಪ್ಪಿಸುವುದು ಒಳಿತು. ಜ್ಞಾನಸ್ನಾನದ, ಮದುವೆಯ, ಮರಣದ ದಾಖಲೆ ಪುಸ್ತಕಗಳಿರುವ ಕಪಾಟಿನಲ್ಲಿ ಅದಕ್ಕೂ ಜಾಗವಿದೆ.